ಬಯೋಆ್ಯಕ್ಟಿವ್ ಕಾಂಪೌಂಡ್ ಅಂದರೇನು? ಮುರುಗಲಿನ ಸಿಪ್ಪೆಯನ್ನೇ ಕೇಳೋಣ

ಗೋವಾದಲ್ಲಿರುವ ಕನ್ನಡದವರಿಗೆ ಕೋಕಂ ಹೊಸದಲ್ಲ. ಶಿರಸಿ ಕಡೆಯವರಿಗೆ ಅದು ಮುರುಗಲು, ಮಂಗಳೂರಿನವರಿಗೆ ಪುನರ್ಪುಳಿ. ಮಡಗಾಂವ್ ಮಾರ್ಕೆಟ್ಟಿಗೆ ಹೋದರೆ ಒಣಗಿಸಿದ ಸಿಪ್ಪೆ ಸಿಗುತ್ತದೆ, ಉಪ್ಪು ಹಾಕಿದ ರಸ ಆಗಳ್ ಕೂಡ ಸಿಗುತ್ತದೆ. ಈಗ ಔಷಧಿ ಅಂಗಡಿಯಲ್ಲಿ 'ಗಾರ್ಸಿನಿಯಾ' ಅಂತ ತೂಕ ಇಳಿಸುವ ಮಾತ್ರೆಗಳೂ ಬಂದಿವೆ. ಇವುಗಳ ಜಾಹೀರಾತಿನಲ್ಲಿ ಬರುವ 'ಬಯೋಆ್ಯಕ್ಟಿವ್' ಅನ್ನುವ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಗಿಡದಲ್ಲೋ ಪ್ರಾಣಿಯಲ್ಲೋ ಇದ್ದು, ನಮ್ಮ ಮೈ ಒಳಗೆ ಹೋದಾಗ ಜೀವಕೋಶಗಳ ಕೆಲಸವನ್ನು ಬದಲಿಸುವ ರಾಸಾಯನಿಕವೇ ಬಯೋಆ್ಯಕ್ಟಿವ್ ಕಾಂಪೌಂಡ್. ಅಷ್ಟೇ. ಬದಲಾವಣೆ ಒಳ್ಳೆಯದೇ ಆಗಬೇಕು ಅಂತೇನಿಲ್ಲ. ಕಾಫಿಯ ಕೆಫೀನ್ ಬಯೋಆ್ಯಕ್ಟಿವ್, ತಂಬಾಕಿನ ನಿಕೋಟಿನ್ ಕೂಡ ಬಯೋಆ್ಯಕ್ಟಿವ್, ಅಲ್ವಾ?

ಗಾರ್ಸಿನಿಯಾ ಅನ್ನೋದು ಒಂದೇ ಮರ ಅಲ್ಲ, ಒಂದು ದೊಡ್ಡ ಕುಲ. ಮುರುಗಲು, ಉಪ್ಪಾಗೆ, ಮ್ಯಾಂಗೋಸ್ಟೀನ್ ಎಲ್ಲಾ ಇದರೊಳಗೇ ಬರುತ್ತವೆ. ಮುರುಗಲಿನ ಸಿಪ್ಪೆಗೆ ಕಡುಗೆಂಪು ಕೊಡುವುದು ಆಂಥೋಸಯಾನಿನ್ ಅನ್ನುವ ಬಣ್ಣದ ವಸ್ತು. ಅದೇ ಸಿಪ್ಪೆಯಲ್ಲಿ ಗಾರ್ಸಿನಾಲ್ ಅನ್ನುವ ಹಳದಿ ವಸ್ತುವೂ ಇದೆ. ಜೀನ್‌ಗಳು ಕೆಲಸ ಮಾಡಲು ಬೇಕಾದ ಒಂದು ಬಗೆಯ ಕಿಣ್ವವನ್ನು (ಎಂಜೈಮ್, ಅಂದರೆ ಮೈಯೊಳಗಿನ ರಾಸಾಯನಿಕ ಕ್ರಿಯೆಗಳನ್ನು ಬೇಗ ನಡೆಸುವ ಪ್ರೋಟೀನ್) ಇದು ತಡೆಯುತ್ತದೆ ಅಂತ 2004ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ತೋರಿಸಿದರು. ಆಮೇಲೆ ಕ್ಯಾನ್ಸರ್ ಕೋಶಗಳ ಮೇಲೂ ಲ್ಯಾಬಿನಲ್ಲಿ ತುಂಬಾ ಪರೀಕ್ಷೆ ನಡೆದಿದೆ. ನಮ್ಮ ಘಟ್ಟದ ಹಣ್ಣಿನಲ್ಲಿ ಇಂಥ ವಸ್ತು ಇದೆ ಅನ್ನೋದು ನನಗಂತೂ ನಿಜಕ್ಕೂ ಖುಷಿಯ ವಿಷಯ. ಆದರೆ ಗಾಜಿನ ತಟ್ಟೆಯಲ್ಲಿರುವ ಕೋಶಕ್ಕೆ ನೇರವಾಗಿ ಹಾಕುವುದು ಬೇರೆ. ಬಾಯಿಂದ ಹೋಗಿ, ಹೊಟ್ಟೆ ಮತ್ತು ಲಿವರ್ ದಾಟಿ, ರಕ್ತದಲ್ಲಿ ಸಾಕಷ್ಟು ಉಳಿದು, ಬೇಕಾದ ಜಾಗ ತಲುಪುವುದೇ ಬೇರೆ.

ತೂಕದ ಮಾತ್ರೆಯ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಉಪ್ಪಾಗೆ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ದೇಹ ಸಕ್ಕರೆಯಿಂದ ಕೊಬ್ಬು ಮಾಡಿಕೊಳ್ಳುವ ದಾರಿಯಲ್ಲಿ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಇದು ಸಾಬೀತಾಗಿರುವ ಮಾತು, ಆದ್ದರಿಂದ ಬಯೋಆ್ಯಕ್ಟಿವ್ ಅಂದರೆ ಸುಳ್ಳಲ್ಲ. ಹಾಗಾದರೆ ತೂಕ ಇಳಿಯಬೇಕಲ್ಲ? 1998ರಲ್ಲಿ ಅಮೆರಿಕದಲ್ಲಿ 135 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಅಂತ 12 ವಾರ ಕೊಟ್ಟು ನೋಡಿದರು. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೂ ಸಾಲದು ಅಂತ, ಗಾರ್ಸಿನಿಯಾ ಸಾರದ ಮಾತ್ರೆ ತಗೊಂಡ ಕೆಲವರಿಗೆ ಲಿವರ್ ಕೆಟ್ಟ ವರದಿಗಳು ಬೇರೆ ಬೇರೆ ದೇಶಗಳಿಂದ ಬಂದಿವೆ.

ಊಟದ ಜೊತೆ ಕುಡಿಯುವ ಸೋಲ್ಕಡಿಗೆ ಇದನ್ನೆಲ್ಲ ಅಂಟಿಸಿ ಹೆದರಬೇಡಿ. ನಾಲ್ಕು ಸಿಪ್ಪೆ ನೆನೆಸಿದ ನೀರು, ಅದಕ್ಕಿಷ್ಟು ತೆಂಗಿನಹಾಲು, ಅದು ಅಡುಗೆ. ಸಾರ ತೆಗೆದು ಗಟ್ಟಿ ಮಾಡಿದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಔಷಧಿ ತಗೊಂಡ ಹಾಗೆಯೇ. ಲಿವರ್ ತೊಂದರೆ ಇರುವವರು, ಬಸುರಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಸುಮ್ನೆ ಶುರು ಮಾಡಬೇಡಿ. ಈಗಾಗಲೇ ತಗೊಳ್ತಿದ್ದು ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.