ಮಗುವಿಗೆ ನರದ ಕ್ಯಾನ್ಸರ್: ತುಪ್ಪ ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮಕ್ಕನ ಮಗನಿಗೆ ಎರಡೂವರೆ ವರ್ಷ. ನ್ಯೂರೋಬ್ಲಾಸ್ಟೊಮಾ ಅಂತ ಹೇಳಿದ್ದಾರೆ. ಈ ಕ್ಯಾನ್ಸರ್ ಕೊಬ್ಬು ತಿಂದೇ ಬೆಳೆಯುತ್ತೆ ಅಂತ ಎಲ್ಲೋ ಓದಿದ್ವಿ. ಅಜ್ಜಿ ತುಪ್ಪ, ಬೆಣ್ಣೆ ಎಲ್ಲ ನಿಲ್ಲಿಸಿಬಿಟ್ಟಿದ್ದಾರೆ. ಇದು ಸರಿನಾ? (ಮಂಡ್ಯ ಕಡೆಯ ಓದುಗರು)

ಉತ್ತರ: ಡಾಕ್ಟರೇ ಬೇಡ ಅಂದಿಲ್ಲವಾದರೆ ತುಪ್ಪದ ಡಬ್ಬಿ ಮತ್ತೆ ಕೆಳಗಿಳಿಸಿ.

ನೀವು ಓದಿದ್ದು ಪೂರ್ತಿ ಸುಳ್ಳೇನಲ್ಲ. ಅದನ್ನು ಅಡುಗೆಮನೆಗೆ ತಂದದ್ದೇ ತಪ್ಪು. ಈ ಗೆಡ್ಡೆ ಹುಟ್ಟುವುದು ಇನ್ನೂ ಬಲಿಯದ ನರಕೋಶಗಳಿಂದ. ಹೆಚ್ಚಾಗಿ ಮೂತ್ರಪಿಂಡದ ತಲೆಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ. ಸುಮಾರು ಐವರಲ್ಲಿ ಒಬ್ಬರ ಗೆಡ್ಡೆಯಲ್ಲಿ 'ಎಂವೈಸಿಎನ್' ಎಂಬ ಜೀನ್ ವಿಪರೀತ ಹೆಚ್ಚಿರುತ್ತದೆ. ಈ ಜೀನ್ ಗೊತ್ತಾದದ್ದು 1983ರಲ್ಲಿ. ಹೆಸರಿನ ಕೊನೆಯ 'ಎನ್' ಈ ಕಾಯಿಲೆಯಿಂದಲೇ ಬಂದದ್ದು.

ಆ ಜೀನ್ ಮಾಡುವ ಕೆಲಸ ನಿಮ್ಮೂರಿನವರಿಗೆ ಬೇಗ ಅರ್ಥವಾಗುತ್ತೆ. ನಾಲೆಯಲ್ಲಿ ಕಟ್ಟು ನೀರು ಬಂದಾಗ ಯಾವ ತೂಬು ಎತ್ತಬೇಕು, ಯಾವುದು ಇಳಿಸಬೇಕು ಅಂತ ನೀರಗಂಟಿ ನೋಡಿಕೊಳ್ಳುತ್ತಾನೆ, ಅಲ್ವಾ? ಎಂವೈಸಿಎನ್ ಅಂಥ ನೀರಗಂಟಿ. ಅದರಿಂದ ತಯಾರಾಗುವ ಪ್ರೋಟೀನು ಬೇರೆ ಜೀನುಗಳನ್ನು ಚಾಲೂ ಮಾಡುತ್ತೆ. ಸಾಮಾನ್ಯ ಕೋಶದಲ್ಲಿ ಈ ಜೀನಿನ ಎರಡೇ ಪ್ರತಿ. ಈ ಗೆಡ್ಡೆಗಳಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಜಾಸ್ತಿ. ಅಷ್ಟು ಜನ ನೀರಗಂಟಿಗಳು ಹಗಲೂ ರಾತ್ರಿ ತೂಬು ಎತ್ತುತ್ತಲೇ ಇದ್ದರೆ ಏನಾಗುತ್ತೆ ಯೋಚಿಸಿ.

ಹಾಗೆ ತೆರೆದುಕೊಳ್ಳುವ ತೂಬುಗಳಲ್ಲಿ ಕೊಬ್ಬಿನವೂ ಇವೆ. ಕೋಶ ಎರಡಾಗಬೇಕಾದರೆ ಹೊಸ ಹೊದಿಕೆ ಬೇಕು, ಆ ಹೊದಿಕೆ ಕಟ್ಟಲು ಕೊಬ್ಬು ಬೇಕೇ ಬೇಕು. ಅದಕ್ಕೇ ಈ ಕೋಶಗಳು ತಾವೇ ಕೊಬ್ಬು ತಯಾರಿಸುತ್ತವೆ. ಸಾಲದು ಅಂತ ರಕ್ತದಿಂದ ಕೊಬ್ಬಿನಾಮ್ಲ ಒಳಗೆಳೆಯುವ 'ಎಫ್‌ಎಟಿಪಿ2' ಎಂಬ ಬಾಗಿಲನ್ನೂ ಹೆಚ್ಚು ಮಾಡಿಕೊಳ್ಳುತ್ತವೆ. ಇಲಿಗಳಲ್ಲಿ ಆ ಬಾಗಿಲು ಮುಚ್ಚಿದಾಗ ಗೆಡ್ಡೆಯ ಬೆಳವಣಿಗೆ ತಗ್ಗಿತು. ನನಗೆ ತುಂಬ ಕುತೂಹಲ ಹುಟ್ಟಿಸಿದ ಸಂಗತಿ ಇದು. ಆದರೆ ಅಲ್ಲಿ ಮುಚ್ಚಿದ್ದು ಕೋಶದ ಬಾಗಿಲನ್ನು, ಇಲಿಯ ಬಾಯನ್ನಲ್ಲ.

ತುಪ್ಪ ನಿಲ್ಲಿಸಿದರೆ ಗೆಡ್ಡೆ ಉಪವಾಸ ಬೀಳುವುದಿಲ್ಲ. ಮಗುವಿನ ಲಿವರ್ ಸಕ್ಕರೆ, ಅನ್ನದಿಂದಲೇ ಕೊಬ್ಬು ಮಾಡುತ್ತೆ. ಊಟ ಕಡಿಮೆಯಾದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ರಕ್ತಕ್ಕೆ ಬರುತ್ತೆ, ಗೆಡ್ಡೆ ಅದನ್ನೂ ಎಳೆದುಕೊಳ್ಳಬಹುದು. ಸೊರಗುವುದು ಮಗು ಮಾತ್ರ. ಕೀಮೋ ಶುರುವಾದ ಮೇಲೆ ವಾಂತಿ, ಬಾಯಿಹುಣ್ಣು ಬಂದು ಎರಡು ಚಮಚ ಒಳಗೆ ಹೋದರೂ ದೊಡ್ಡದು ಅನಿಸುತ್ತೆ. ಆ ಎರಡು ಚಮಚ ರಾಗಿ ಸರಿಯಲ್ಲಿ ತುಪ್ಪ ಇದ್ದರೆ ಶಕ್ತಿ ಜಾಸ್ತಿ. ಹಾಲು ಚೆನ್ನಾಗಿ ಕಾಯಿಸಿ, ಮೊಟ್ಟೆ ಪೂರ್ತಿ ಬೇಯಿಸಿ ಕೊಡಿ. ಸೋಂಕಿನ ಭಯ ಆಗ ಹೆಚ್ಚು.

ಅಜ್ಜಿಯನ್ನು ಬೈಯಬೇಡಿ. ನಿಮ್ಮಕ್ಕ ಬಸುರಿಯಲ್ಲಿ ಏನು ತಿಂದರು ಅಂತ ಕೆದಕುವವರಿಗೂ ಹೇಳಿ: ಈ ಜೀನ್ ಹೆಚ್ಚಾಗುವುದು ಗೆಡ್ಡೆಯ ಕೋಶಗಳಲ್ಲಿ ಮಾತ್ರ, ಅಪ್ಪ ಅಮ್ಮನಿಂದ ಬಂದದ್ದಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಗೆಡ್ಡೆಯ ತುಣುಕಿನಲ್ಲಿ ಎಂವೈಸಿಎನ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಚಿಕಿತ್ಸೆ ಎಷ್ಟು ಕಟುವಾಗಿರಬೇಕು ಅಂತ ಡಾಕ್ಟರು ತೀರ್ಮಾನಿಸುವಾಗ ಮಗುವಿನ ವಯಸ್ಸು, ಗೆಡ್ಡೆ ಎಷ್ಟು ಹರಡಿದೆ ಅನ್ನುವುದರ ಜೊತೆ ಅದನ್ನೂ ನೋಡುತ್ತಾರೆ.