ಆನ್‌ಲೈನ್ ಅಂಗಡಿ: ಸಾಫ್ಟ್‌ವೇರ್ ಪುಕ್ಕಟೆ, ರಿಪೇರಿ ಯಾರದ್ದು?

"ಪ್ರಾಡಕ್ಟ್ ಪುಟದ ಫೈಲ್ ತೆರೆಯಿರಿ. 120ನೇ ಸಾಲಿನ ಆಸುಪಾಸಿನಲ್ಲಿ ಹೀಗೊಂದು ಸಾಲು ಇರುತ್ತದೆ, ಹುಡುಕಿ. ಅದರ ಕೆಳಗೆ ಈ ಆರು ಸಾಲು ಅಂಟಿಸಿ. ಅಂದಹಾಗೆ, ಮೊದಲೇ ಬ್ಯಾಕಪ್ ತಗೊಂಡಿದ್ದೀರಿ ತಾನೇ?"

ಇಪ್ಪತ್ತು ವರ್ಷದ ಹಿಂದೆ ಓಎಸ್‌ಕಾಮರ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು ಆನ್‌ಲೈನ್ ಅಂಗಡಿ ತೆರೆದವರಿಗೆ ಈ ಧಾಟಿ ಚೆನ್ನಾಗಿ ಗೊತ್ತು. ಅಂಗಡಿಗೆ ಹೊಸದೊಂದು ಸೌಲಭ್ಯ ಬೇಕೆಂದರೆ ಹೀಗೆ ಬರೆದ ಟೆಕ್ಸ್ಟ್ ಫೈಲ್ ಇಟ್ಟುಕೊಂಡು ಕೂರಬೇಕಿತ್ತು. ಒಂದೊಂದೇ ಸಾಲು ಹುಡುಕಿ, ಅಂಟಿಸಿ, ಪುಟ ರಿಫ್ರೆಶ್ ಮಾಡಿ, ಬಿಳಿ ಪರದೆ ಬಂದರೆ ಎಲ್ಲಿ ಸೆಮಿಕೋಲನ್ ಬಿಟ್ಟೆವು ಅಂತ ತಡಕಾಡಬೇಕಿತ್ತು.

ಈಗ ಅಷ್ಟು ಪಾಡಿಲ್ಲ. ಓಪನ್ ಸೋರ್ಸ್ ಕಾರ್ಟ್, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಅಂಗಡಿ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡು, ಸರ್ವರ್‌ಗೆ ಹಾಕಿ, ನಾಲ್ಕು ವಸ್ತುಗಳ ಫೋಟೊ ಏರಿಸಿದರೆ ಅರ್ಧ ದಿನದಲ್ಲಿ ಅಂಗಡಿ ಸಿದ್ಧ. ಆದರೆ ಆ ಆರು ಸಾಲಿನ ತಕರಾರು ಮಾತ್ರ ಇನ್ನೂ ಮುಗಿದಿಲ್ಲ. ಕೋಡ್ ಕೈಯಲ್ಲಿದೆ ಅಂದಮೇಲೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೇವೆ, ಅದಕ್ಕೇ ಅಲ್ವಾ ಓಪನ್ ಸೋರ್ಸ್ ಬೇಕಾಗಿದ್ದು? ತಿದ್ದಿದ ಮೇಲೆ ಅಪ್‌ಡೇಟ್ ಹಾಕುವುದು ಕಷ್ಟ. ಅಪ್‌ಡೇಟ್ ಹಾಕದಿದ್ದರೆ ಕಳ್ಳರು ನುಗ್ಗುತ್ತಾರೆ. ಪುಕ್ಕಟೆ ಕಾರ್ಟ್‌ಗಳ ಇತಿಹಾಸವನ್ನು ಎಲ್ಲಿ ಮುಟ್ಟಿದರೂ ಈ ಎಳೆದಾಟವೇ ಕೈಗೆ ಸಿಗುತ್ತದೆ.

ಶುರುವಿನಲ್ಲಿ ಇದ್ದ ತೊಂದರೆ ಬೇರೆ. ವೆಬ್‌ಗೆ ನೆನಪಿನ ಶಕ್ತಿಯೇ ಇರಲಿಲ್ಲ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಪರಿಚಯ ಮುಗಿಯಿತು. ಮುಂದಿನ ಪುಟ ಕೇಳಿದವರು ಅದೇ ಗಿರಾಕಿಯೋ ಬೇರೆಯವರೋ ಸರ್ವರ್‌ಗೆ ತಿಳಿಯುವುದಿಲ್ಲ. ಹೀಗಿರುವಾಗ ಬುಟ್ಟಿಗೆ ಹಾಕಿದ ಸಾಮಾನು ಅಲ್ಲೇ ಉಳಿಯುವುದು ಹೇಗೆ? 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದಕ್ಕೆ ಕುಕಿ ಎಂಬ ಉಪಾಯ ಮಾಡಿದರು. ಎಂಸಿಐ ಎಂಬ ಟೆಲಿಫೋನ್ ಕಂಪನಿಗೆ ಆನ್‌ಲೈನ್ ಅಂಗಡಿ ಬೇಕಿತ್ತು, ಆದರೆ ಜನ ಅರ್ಧಕ್ಕೇ ಬಿಟ್ಟುಹೋಗುವ ಖರೀದಿಗಳ ವಿವರವನ್ನೆಲ್ಲ ತನ್ನ ಸರ್ವರ್‌ನಲ್ಲಿ ತುಂಬಿಕೊಳ್ಳಲು ಇಷ್ಟವಿರಲಿಲ್ಲ. ಹಾಗಾಗಿ ಒಂದು ಚಿಕ್ಕ ಚೀಟಿಯನ್ನು ಗಿರಾಕಿಯ ಬ್ರೌಸರ್‌ನಲ್ಲೇ ಇಡುವುದು ಅಂತಾಯಿತು. ಇವತ್ತು ಯಾವ ಸೈಟ್‌ಗೆ ಹೋದರೂ 'ಕುಕಿಗೆ ಒಪ್ಪಿಗೆ ಕೊಡಿ' ಅಂತ ಪೀಡಿಸುತ್ತಾರಲ್ಲ, ಆ ಕುಕಿಯ ಮೊದಲ ಕೆಲಸ ಬುಟ್ಟಿ ಕಾಯುವುದಾಗಿತ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ನೆಟ್‌ಮಾರ್ಕೆಟ್ ಎಂಬ ಅಮೆರಿಕದ ಪುಟ್ಟ ಕಂಪನಿ, ಕಾರ್ಡ್ ನಂಬರನ್ನು ಗೂಢಲಿಪಿಯಲ್ಲಿ ತರಿಸಿಕೊಂಡು ಒಂದು ಸಂಗೀತದ ಸಿಡಿ ಮಾರಿ ಸುದ್ದಿಯಾಯಿತು. 1995ರಲ್ಲಿ ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನೆಲ್ಲ ಗೂಢಲಿಪಿಗೆ ಹಾಕುವ ನೆಟ್‌ಸ್ಕೇಪ್‌ನ ಎಸ್‌ಎಸ್‌ಎಲ್ ಬಂತು. ನೆನಪು ಆಯಿತು, ಬೀಗವೂ ಆಯಿತು. ಇನ್ನು ಅಂಗಡಿ ಕಟ್ಟಿಕೊಡುವವರು ಬೇಕಿತ್ತು.

ಆಗಲೇ ದಾರಿ ಎರಡಾಗಿ ಒಡೆಯಿತು. ಪಾಲ್ ಗ್ರಹಾಂ ಮತ್ತು ಗೆಳೆಯರು 1995ರಲ್ಲಿ ವಯಾವೆಬ್ ಶುರು ಮಾಡಿದರು. ಸಾಫ್ಟ್‌ವೇರ್ ಅವರ ಸರ್ವರ್‌ನಲ್ಲೇ ಇರುತ್ತದೆ, ವ್ಯಾಪಾರಿ ಬ್ರೌಸರ್‌ನಲ್ಲೇ ಕೂತು ಅಂಗಡಿ ಜೋಡಿಸುತ್ತಾನೆ, ತಿಂಗಳಿಗಿಷ್ಟು ಅಂತ ಬಾಡಿಗೆ ಕೊಡುತ್ತಾನೆ. 1998ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು. ಬಾಡಿಗೆ ಬೇಡ, ಸ್ವಂತದ್ದೇ ಇರಲಿ ಅನ್ನುವವರಿಗೆ ಪರ್ಲ್ ಭಾಷೆಯ ಸ್ಕ್ರಿಪ್ಟ್‌ಗಳಿದ್ದವು. ಮೈಕ್ ಹೈನ್ಸ್ ಬರೆದ ಮಿನಿವೆಂಡ್ ಆ ಪೈಕಿ ಹೆಸರು ಮಾಡಿದ್ದು. ಅದೇ ಮುಂದೆ ಇಂಟರ್‌ಚೇಂಜ್ ಆಯಿತು, 2001ರಲ್ಲಿ ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿಯ ಕೈ ಸೇರಿತು.

ಆ ಕಾಲದ ಒಂದು ಎಡವಟ್ಟನ್ನು ಹೇಳಲೇಬೇಕು. ಕೆಲವು ಕಾರ್ಟ್‌ಗಳು ವಸ್ತುವಿನ ಬೆಲೆಯನ್ನು ಪುಟದ ಫಾರ್ಮ್‌ನಲ್ಲೇ ಕಣ್ಣಿಗೆ ಕಾಣದ ಒಂದು ಖಾನೆಯಲ್ಲಿ ಇಡುತ್ತಿದ್ದವು. ಗಿರಾಕಿ ಬಟನ್ ಒತ್ತಿದಾಗ ಆ ಬೆಲೆಯೇ ಸರ್ವರ್‌ಗೆ ವಾಪಸ್ ಬರುತ್ತಿತ್ತು, ಸರ್ವರ್ ಅದನ್ನೇ ನಂಬುತ್ತಿತ್ತು. ಪುಟವನ್ನು ಕಂಪ್ಯೂಟರ್‌ಗೆ ಉಳಿಸಿಕೊಂಡು, ನೋಟ್‌ಪ್ಯಾಡ್‌ನಲ್ಲಿ ತೆರೆದು, 400 ಇದ್ದದ್ದನ್ನು 4 ಮಾಡಿ ಕಳಿಸಿದರೆ ಬಿಲ್ 4ಕ್ಕೇ ಆಗುತ್ತಿತ್ತು! ಬೆಲೆಚೀಟಿ ಬರೆಯುವ ಪೆನ್ನನ್ನು ಗಿರಾಕಿಯ ಕೈಗೇ ಕೊಟ್ಟ ಹಾಗೆ.

ಓಎಸ್‌ಕಾಮರ್ಸ್ ಹುಟ್ಟಿದ್ದು 2000ದ ಮಾರ್ಚ್‌ನಲ್ಲಿ, ಜರ್ಮನಿಯಲ್ಲಿ. ಶುರು ಮಾಡಿದವರು ಹರಾಲ್ಡ್ ಪೊನ್ಸ್ ಡಿ ಲಿಯಾನ್. ಮೊದಲಿನ ಹೆಸರು 'ದಿ ಎಕ್ಸ್‌ಚೇಂಜ್ ಪ್ರಾಜೆಕ್ಟ್'. ಸಮಯ ಚೆನ್ನಾಗಿ ಕೂಡಿಬಂತು. ಪಿಎಚ್‌ಪಿ ಎಂಬ ಪ್ರೋಗ್ರಾಂ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಎರಡೂ ಅಗ್ಗದ ಹೋಸ್ಟಿಂಗ್‌ನಲ್ಲೂ ಸಿಗುವಂತಾಗಿದ್ದವು. ಲೈಸೆನ್ಸ್ ಜಿಪಿಎಲ್, ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಅದೇ ಷರತ್ತಿನ ಮೇಲೆ ಹಂಚಬಹುದು. ಸಾವಿರಾರು ಜನ ತಾವು ಬರೆದ ಸೇರ್ಪಡೆಗಳನ್ನು ಹಂಚಿದರು. ಕೂಪನ್ ಬೇಕೇ? ಇದೆ. ಹೊಸ ಕೊರಿಯರ್ ದರ ಲೆಕ್ಕ ಹಾಕಬೇಕೇ? ಅದೂ ಇದೆ.

ಆದರೆ ಬಹುಪಾಲು ಸೇರ್ಪಡೆಗಳು ಮೇಲೆ ಹೇಳಿದ ಟೆಕ್ಸ್ಟ್ ಫೈಲ್‌ನ ರೂಪದಲ್ಲಿ ಬರುತ್ತಿದ್ದವು. ಹತ್ತು ಸೇರ್ಪಡೆ ಹಾಕಿಕೊಂಡರೆ ಮೂಲ ಫೈಲ್‌ಗಳ ಗುರುತೇ ಸಿಗುತ್ತಿರಲಿಲ್ಲ. ಹನ್ನೊಂದನೆಯದರ ಸೂಚನೆ '120ನೇ ಸಾಲು' ಅನ್ನುತ್ತದೆ, ನಿಮ್ಮಲ್ಲಿ ಅದು 310ಕ್ಕೆ ಜಾರಿರುತ್ತದೆ, ಅಥವಾ ಇನ್ನೊಂದು ಸೇರ್ಪಡೆ ಆ ಸಾಲನ್ನೇ ಅಳಿಸಿಬಿಟ್ಟಿರುತ್ತದೆ. ಅಷ್ಟರಲ್ಲಿ ಮೂಲ ತಂಡದಿಂದ ಭದ್ರತಾ ತಿದ್ದುಪಡಿ ಬಂದರೆ? ಹೊಸ ಫೈಲ್ ಮೇಲೆ ಹಾಕಿದರೆ ನಿಮ್ಮ ಹತ್ತೂ ಸೇರ್ಪಡೆ ಮಾಯ. ಹಾಕದಿದ್ದರೆ ಕಿಂಡಿ ತೆರೆದೇ ಇರುತ್ತದೆ. ಎಷ್ಟೋ ಅಂಗಡಿಗಳು ಸುಮ್ನೆ ಹಾಗೇ ಬಿಟ್ಟವು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ವ್ಯಾಪಾರ ನಡೆಯುತ್ತಿರುವ ಅಂಗಡಿಯ ಗೋಡೆ ಒಡೆಯಲು ಯಾರಿಗೆ ಧೈರ್ಯ ಬರುತ್ತದೆ?

ಮೂಲದಲ್ಲೂ ತೊಡಕಿತ್ತು. ಹಳೆಯ ಪಿಎಚ್‌ಪಿಯಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಎಂಬ ಸೆಟ್ಟಿಂಗ್ ಇತ್ತು. ಅದು ಆನ್ ಆಗಿದ್ದರೆ ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಿದ್ದೆಲ್ಲ ಪ್ರೋಗ್ರಾಂ ಒಳಗೆ ವೇರಿಯಬಲ್ ಆಗಿ ಹೋಗಿ ಕೂರುತ್ತಿತ್ತು. ಅಪಾಯ ಅಂತ 2002ರಲ್ಲಿ ಪಿಎಚ್‌ಪಿ 4.2 ಅದನ್ನು ತಾನಾಗಿ ಆಫ್ ಮಾಡಿತು. ಓಎಸ್‌ಕಾಮರ್ಸ್ 2.2 ಮಾತ್ರ ಆಮೇಲೂ ಬಹಳ ಕಾಲ ಅದು ಆನ್ ಇರಲೇಬೇಕು ಅಂತ ಹಟ ಹಿಡಿದಿತ್ತು. 2.2ರಿಂದ 2.3ಕ್ಕೆ ಬರುವ ಹೊತ್ತಿಗೆ 2010 ಆಗಿತ್ತು. ಮರುವರ್ಷ ಹಳೆಯ ಕಿಂಡಿಗಳ ಮೂಲಕ ಓಎಸ್‌ಕಾಮರ್ಸ್ ಅಂಗಡಿಗಳಿಗೆ ರಾಶಿ ರಾಶಿಯಾಗಿ ಕೆಟ್ಟ ಕೋಡ್ ನುಗ್ಗಿಸಿದ ದಾಳಿ ನಡೆಯಿತು.

ಕಾಯುವುದಕ್ಕೆ ತಾಳ್ಮೆ ಇಲ್ಲದವರು ಬೇರೆ ಮನೆ ಮಾಡಿಕೊಂಡಿದ್ದರು. ಅದೇ ಕೋಡ್ ಹಿಡಿದು 2003ರಲ್ಲಿ ಝೆನ್ ಕಾರ್ಟ್ ಕವಲೊಡೆಯಿತು. ಲಾಸ್ ಏಂಜಲೀಸ್‌ನಲ್ಲಿ ವೇರಿಯನ್ ಎಂಬ ಕಂಪನಿ ನಡೆಸುತ್ತಿದ್ದ ರಾಯ್ ರೂಬಿನ್ ಮತ್ತು ಯೋವ್ ಕುಟ್ನರ್ ಕೂಡ ಮೊದಲು ಓಎಸ್‌ಕಾಮರ್ಸ್‌ನಿಂದಲೇ ಕವಲೊಡೆಯುವ ಯೋಚನೆಯಲ್ಲಿದ್ದರು. ಕೊನೆಗೆ ಹೊಸದಾಗಿಯೇ ಬರೆದರು. ಅದೇ ಮೆಜೆಂಟೊ, ಮೊದಲ ಆವೃತ್ತಿ 2008ರ ಮಾರ್ಚ್ 31ಕ್ಕೆ ಬಂತು.

ಆರು ಸಾಲಿನ ತಕರಾರಿಗೆ ಮೆಜೆಂಟೊ ಕೊಟ್ಟ ಉತ್ತರ ಶಿಸ್ತಿನದು. ಕೋಡ್‌ಗೆ ಮೂರು ಫೋಲ್ಡರ್: ಕೋರ್, ಕಮ್ಯುನಿಟಿ, ಲೋಕಲ್. ಕೋರ್ ಮುಟ್ಟಬೇಡಿ. ಬೇರೆಯವರಿಂದ ತಂದದ್ದು ಕಮ್ಯುನಿಟಿಯಲ್ಲಿ, ನಿಮ್ಮ ಕೈಕೆಲಸ ಲೋಕಲ್‌ನಲ್ಲಿ. ಒಂದೇ ಹೆಸರಿನ ಫೈಲ್ ಎರಡು ಕಡೆ ಇದ್ದರೆ ಲೋಕಲ್‌ನದೇ ನಡೆಯುತ್ತದೆ. ಕೋರ್ ಹೊಸದಾದರೂ ನಿಮ್ಮದು ಅಳಿಸಿಹೋಗುವುದಿಲ್ಲ.

ಶಿಸ್ತಿಗೆ ತೂಕವೂ ಇತ್ತು. ಯಾವ ವಸ್ತುವಿಗೆ ಯಾವ ಗುಣವನ್ನು ಬೇಕಾದರೂ ಸೇರಿಸಲು ಆಗಬೇಕು ಅಂತ ಒಂದೊಂದು ವಸ್ತುವಿನ ಮಾಹಿತಿಯನ್ನು ಡೇಟಾಬೇಸ್‌ನ ಹಲವು ಟೇಬಲ್‌ಗಳಲ್ಲಿ ಚದುರಿಸಿ ಇಟ್ಟಿದ್ದರು. ಹೆಸರು ಒಂದು ಟೇಬಲ್‌ನಲ್ಲಿ, ಬೆಲೆ ಇನ್ನೊಂದರಲ್ಲಿ. ಒಂದು ಪುಟ ತೋರಿಸಲು ಅವನ್ನೆಲ್ಲ ಮತ್ತೆ ಹೊಲಿಯಬೇಕು. ಅಗ್ಗದ ಹೋಸ್ಟಿಂಗ್ ಇದಕ್ಕೆ ಏದುಸಿರು ಬಿಡುತ್ತಿತ್ತು. ಮೆಜೆಂಟೊ ಮೆಲ್ಲಗೆ ದೊಡ್ಡ ಅಂಗಡಿಗಳ ಪಾಲಾಯಿತು. 2011ರಲ್ಲಿ ಇಬೇ ಕೊಂಡಿತು, 2018ರಲ್ಲಿ ಅಡೋಬಿ 168 ಕೋಟಿ ಡಾಲರ್ ಕೊಟ್ಟು ತನ್ನದಾಗಿಸಿಕೊಂಡಿತು.

ನಡುವೆ, 2015ರ ನವೆಂಬರ್‌ನಲ್ಲಿ, ಮೆಜೆಂಟೊ 2 ಬಂತು. ಹೆಸರು ಅದೇ, ಒಳಗಿನ ಕಟ್ಟಡ ಬೇರೆ. ವಸ್ತು, ಆರ್ಡರ್, ಗಿರಾಕಿಗಳ ವಿವರ ಸಾಗಿಸಲು ಒಂದು ಸಾಧನ ಕೊಟ್ಟರು. ಥೀಮ್ ಮತ್ತು ಎಕ್ಸ್‌ಟೆನ್ಷನ್‌ಗಳನ್ನು ಮಾತ್ರ ಹೊಸದಾಗಿ ಮಾಡಿಸಬೇಕಿತ್ತು. ಮೂರು ಫೋಲ್ಡರ್‌ನ ಶಿಸ್ತನ್ನು ಅಚ್ಚುಕಟ್ಟಾಗಿ ಪಾಲಿಸಿದವರಿಗೂ ವಿನಾಯಿತಿ ಸಿಗಲಿಲ್ಲ. ಮೆಜೆಂಟೊ 1ರ ಅಧಿಕೃತ ಬೆಂಬಲ 2020ರ ಜೂನ್ 30ಕ್ಕೆ ನಿಂತಿತು. ಸೆಪ್ಟೆಂಬರ್‌ನ ಒಂದೇ ವಾರಾಂತ್ಯದಲ್ಲಿ ಸುಮಾರು 2,000 ಮೆಜೆಂಟೊ ಅಂಗಡಿಗಳಿಗೆ ಕನ್ನ ಬಿತ್ತು, ಹೆಚ್ಚಿನವು ಹಳೆಯ ಆವೃತ್ತಿಯವು. ಕಳ್ಳರು ಗಲ್ಲಾಪೆಟ್ಟಿಗೆ ಮುಟ್ಟುವುದಿಲ್ಲ. ಚೆಕ್‌ಔಟ್ ಪುಟದಲ್ಲಿ ಕೆಲವೇ ಸಾಲು ಜಾವಾಸ್ಕ್ರಿಪ್ಟ್ ಅಡಗಿಸಿ ಹೋಗುತ್ತಾರೆ. ಗಿರಾಕಿ ಕಾರ್ಡ್ ನಂಬರ್ ಟೈಪ್ ಮಾಡಿದಂತೆಲ್ಲ ಅದರ ನಕಲು ಬೇರೆಲ್ಲಿಗೋ ಹೋಗುತ್ತದೆ. ಆರ್ಡರ್ ಸರಿಯಾಗಿಯೇ ಆಗುತ್ತದೆ, ಸಾಮಾನೂ ತಲುಪುತ್ತದೆ. ಹಾಗಾಗಿ ಅಂಗಡಿಯವರಿಗೆ ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು.

ಆಗ ಕೈ ಹಿಡಿದದ್ದು ಲೈಸೆನ್ಸ್. ಕೋಡ್ ಓಪನ್ ಇದ್ದದ್ದರಿಂದ ಓಪನ್‌ಮೇಜ್ ಎಂಬ ಸ್ವಯಂಸೇವಕರ ತಂಡ ಮೆಜೆಂಟೊ 1ಕ್ಕೆ ತಾನೇ ತಿದ್ದುಪಡಿ ಬರೆಯುತ್ತಾ ಬಂತು. ಮುಚ್ಚಿದ ಸಾಫ್ಟ್‌ವೇರ್ ಆಗಿದ್ದರೆ ಆ ದಾರಿಯೇ ಇರುತ್ತಿರಲಿಲ್ಲ.

ಮೆಜೆಂಟೊ ಹುಟ್ಟಿದ ಹೊತ್ತಿನಲ್ಲೇ ಬಂದ ಇನ್ನೆರಡು ಹೆಸರು: ಪ್ಯಾರಿಸ್‌ನ ಪ್ರೆಸ್ಟಾಶಾಪ್ (2007), ಮತ್ತೆ ಹಾಂಗ್‌ಕಾಂಗ್‌ನಲ್ಲಿದ್ದ ಡೇನಿಯಲ್ ಕೆರ್ ಪಿಎಚ್‌ಪಿಯಲ್ಲಿ ಬೆಳೆಸಿದ ಓಪನ್‌ಕಾರ್ಟ್. ಓಪನ್‌ಕಾರ್ಟ್ ಬಳಸುವವರು ಮಾಡಿಕೊಂಡ ವಿಕ್ಯೂಮಾಡ್ ಎಂಬ ಸಾಧನ ನನಗೆ ಬಲು ಇಷ್ಟ. 'ಈ ಫೈಲ್ ತೆರೆ, ಈ ಸಾಲು ಹುಡುಕು, ಕೆಳಗೆ ಇದನ್ನು ಸೇರಿಸು' ಅಂತ ಅದೇ ಹಳೆಯ ಸೂಚನೆಯನ್ನು ಕಂಪ್ಯೂಟರ್ ಓದಬಲ್ಲ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆದಿಟ್ಟರೆ ಕಂಪ್ಯೂಟರೇ ಪಾಲಿಸುತ್ತದೆ. ಮೂಲ ಫೈಲ್ ಮುಟ್ಟದೆ, ಅದರ ನಕಲಿನ ಮೇಲೆ. ಹುಡುಕಿದ ಸಾಲು ಹೊಸ ಆವೃತ್ತಿಯಲ್ಲಿ ಇಲ್ಲದಿದ್ದರೆ ಆ ಸೇರ್ಪಡೆ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ, ಅದು ಬೇರೆ ಮಾತು.

ಎಲ್ಲರಿಗಿಂತ ಜಾಸ್ತಿ ಹರಡಿದ್ದು ವೂಕಾಮರ್ಸ್. ಅದೂ ಕವಲೇ. ವರ್ಡ್‌ಪ್ರೆಸ್ ಎಂಬ ಪುಕ್ಕಟೆ ಸೈಟ್ ಸಾಫ್ಟ್‌ವೇರ್ ಮೇಲೆ ಓಡುವ ಜಿಗೊಶಾಪ್ ಎಂಬ ಕಾರ್ಟ್‌ನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರನ್ನು ವೂಥೀಮ್ಸ್ ಕಂಪನಿ ಕರೆಸಿಕೊಂಡು, ಅದೇ ಕೋಡ್‌ನಿಂದ 2011ರ ಸೆಪ್ಟೆಂಬರ್‌ನಲ್ಲಿ ಇದನ್ನು ತಂದಿತು. ಜಿಪಿಎಲ್ ಇದ್ದಮೇಲೆ ಕಾನೂನಿನಲ್ಲಿ ತಪ್ಪೇನಿಲ್ಲ. ಸರಿ ಎನಿಸಿತೇ ಎಂದು ಜಿಗೊಶಾಪ್‌ನವರನ್ನು ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತೇನೋ. 2015ರಲ್ಲಿ ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿ ಇಡೀ ವೂಥೀಮ್ಸ್ ಅನ್ನೇ ಕೊಂಡಿತು.

ವೂಕಾಮರ್ಸ್ ತಕರಾರು ಬಗೆಹರಿಸಿದ್ದು ವರ್ಡ್‌ಪ್ರೆಸ್‌ನ ಹುಕ್‌ಗಳಿಂದ. ಕೋಡ್ ಓಡುವಾಗ ಅಲ್ಲಲ್ಲಿ ನಿಂತು 'ಇಲ್ಲಿ ಯಾರಾದರೂ ಏನಾದರೂ ಸೇರಿಸುವುದಿದೆಯೇ?' ಎಂದು ಕೇಳುತ್ತದೆ. ನಿಮ್ಮ ಪ್ಲಗಿನ್, ಅಂದರೆ ನಿಮ್ಮ ಸೇರ್ಪಡೆ, ಅಲ್ಲಿ ತಗುಲಿಕೊಂಡರೆ ಸಾಕು. ಸಾಲು ಹುಡುಕುವ ಕೆಲಸವೇ ಇಲ್ಲ, ಅಪ್‌ಡೇಟ್ ಒಂದು ಬಟನ್.

ಆದರೆ ವರ್ಡ್‌ಪ್ರೆಸ್ ಹುಟ್ಟಿದ್ದು ಬ್ಲಾಗ್ ಬರೆಯಲು. ಹನ್ನೆರಡು ವರ್ಷ ವೂಕಾಮರ್ಸ್‌ನ ಆರ್ಡರ್‌ಗಳೆಲ್ಲ ಬರಹಗಳನ್ನು ಇಡುವ ಟೇಬಲ್‌ನಲ್ಲೇ, ಇನ್ನೊಂದು ಬಗೆಯ ಬರಹದಂತೆ ಬಿದ್ದಿರುತ್ತಿದ್ದವು. ಗಿರಾಕಿಯ ಹೆಸರು, ಊರು, ಫೋನ್, ಒಟ್ಟು ಮೊತ್ತ ಇವೆಲ್ಲ ಪಕ್ಕದ ಟೇಬಲ್‌ನಲ್ಲಿ ಒಂದೊಂದು ಸಾಲು. ಒಂದು ಆರ್ಡರ್‌ಗೆ ಹತ್ತಾರು ಸಾಲು. ದಿನಕ್ಕೆ ಐದು ಆರ್ಡರ್ ಬರುವ ಅಂಗಡಿಗೆ ಇದು ಗೊತ್ತೇ ಆಗುವುದಿಲ್ಲ. ಐನೂರು ಬರುವ ಅಂಗಡಿಗೆ ಆರ್ಡರ್ ಪಟ್ಟಿ ತೆರೆಯುವುದೇ ಯಾತನೆ. 2023ರ ಅಕ್ಟೋಬರ್‌ನ 8.2 ಆವೃತ್ತಿಯಿಂದ ಹೊಸ ಅಂಗಡಿಗಳಿಗೆ ಆರ್ಡರ್‌ಗೆಂದೇ ಪ್ರತ್ಯೇಕ ಟೇಬಲ್ ಸಿಕ್ಕಿತು. ಹಳೆಯ ಟೇಬಲ್‌ನಿಂದ ನೇರವಾಗಿ ಓದುತ್ತಿದ್ದ ಪ್ಲಗಿನ್‌ಗಳನ್ನು ಮಾತ್ರ ತಿದ್ದಿಸಬೇಕಾಯಿತು. ಎಳೆದಾಟ ಇಲ್ಲೂ ತಪ್ಪಲಿಲ್ಲ.

ಇಷ್ಟೆಲ್ಲ ರಗಳೆ ಯಾರಿಗೆ ಬೇಕು ಅನ್ನುವವರಿಗೆ ವಯಾವೆಬ್‌ನ ದಾರಿ ಇದ್ದೇ ಇತ್ತು. 2004ರಲ್ಲಿ ಟೋಬಿ ಲುಟ್ಕೆ ಸ್ನೋಬೋರ್ಡ್ ಮಾರುವ ಸೈಟ್ ಮಾಡಹೊರಟು, ಸಿಕ್ಕ ಕಾರ್ಟ್ ಯಾವುದೂ ಹಿಡಿಸದೆ ತಾವೇ ಬರೆದರು. 2006ರಲ್ಲಿ ಅದು ಶಾಪಿಫೈ ಆಯಿತು. ಅಲ್ಲಿ ಅಪ್‌ಡೇಟ್ ನಿಮ್ಮ ತಲೆನೋವಲ್ಲ. ಆದರೆ ಕೋರ್ ಕೋಡ್ ನಿಮ್ಮ ಕೈಗೆ ಸಿಗುವುದಿಲ್ಲ, ಬಾಡಿಗೆ ನಿಲ್ಲಿಸಿದ ದಿನ ಅಂಗಡಿಗೆ ಬೀಗ.

ಕಾರ್ಡ್ ವಿಷಯದಲ್ಲಿ ಸ್ವಂತ ಅಂಗಡಿಯವರೂ ಈಗ ಜಾಣರಾಗಿದ್ದಾರೆ. ಕಾರ್ಡ್ ಕಂಪನಿಗಳು ಸೇರಿ 2004ರ ಡಿಸೆಂಬರ್‌ನಲ್ಲಿ ಪಿಸಿಐ ಡಿಎಸ್‌ಎಸ್ ಎಂಬ ನಿಯಮಾವಳಿ ತಂದವು. ಕಾರ್ಡ್ ನಂಬರ್ ತಮ್ಮ ಸರ್ವರ್ ಮುಟ್ಟಿದರೆ ಅದರ ಹೊಣೆ ಎಷ್ಟು ಅಂತ ಗೊತ್ತಾದ ಮೇಲೆ ಸಣ್ಣ ಅಂಗಡಿಗಳು ಗಿರಾಕಿಯನ್ನು ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇ ಕಂಪನಿಯ ಪುಟಕ್ಕೇ ಕಳಿಸತೊಡಗಿದವು. ಪಾವತಿ ಪುಟವನ್ನು ತಾವೇ ನಡೆಸುವವರು ಅಲ್ಲಿ ಓಡುವ ಒಂದೊಂದು ಸ್ಕ್ರಿಪ್ಟ್‌ನ ಲೆಕ್ಕವನ್ನೂ 2025ರ ಮಾರ್ಚ್ 31ರ ನಂತರ ಇಡಬೇಕು. ಮೆಜೆಂಟೊ ಅಂಗಡಿಗಳಲ್ಲಿ ನಡೆದಂಥ ಕಳ್ಳತನಗಳ ಪಾಠ ಇದು.

ಹೊಸ ಪೀಳಿಗೆಯ ಸೇಲಿಯರ್, ಮೆಡೂಸಾ ಮುಂತಾದವು ಅಂಗಡಿಯ ಮುಖವನ್ನೂ ಲೆಕ್ಕಪತ್ರವನ್ನೂ ಬೇರೆ ಬೇರೆ ಮಾಡಿ, ಎರಡೂ ಮಾತಾಡಿಕೊಳ್ಳಲು ನಡುವೆ ಎಪಿಐ ಎಂಬ ಕೊಂಡಿ ಇಟ್ಟಿವೆ. ಮುಖ ಹೇಗೆ ಬೇಕೋ ಹಾಗೆ ತಿದ್ದಿ, ಒಳಗಿನದು ತನ್ನ ಪಾಡಿಗೆ ಹೊಸದಾಗುತ್ತದೆ. ಡೆವಲಪರ್ ಇರುವ ತಂಡಕ್ಕೆ ಚೆಂದ. ಒಬ್ಬರೇ ಕೂತು ಅಂಗಡಿ ಕಟ್ಟುವವರಿಗೆ ಇಲ್ಲಿ ಕೆಲಸ ಜಾಸ್ತಿಯೇ ಆಗುತ್ತದೆ. ಅವರು ಈಗಲೂ ಬರುವುದು ವೂಕಾಮರ್ಸ್, ಪ್ರೆಸ್ಟಾಶಾಪ್, ಓಪನ್‌ಕಾರ್ಟ್‌ಗಳ ಕಡೆಗೇ.

ವೂಕಾಮರ್ಸ್ ಹಾಕಿದ್ದರೆ ಅದರ ಸ್ಟೇಟಸ್ ಪುಟ ತೆರೆದು ಕೆಳಗಿನವರೆಗೆ ಹೋಗಿ. ಟೆಂಪ್ಲೇಟ್ಸ್ ಅಂತ ಒಂದು ಪಟ್ಟಿ ಇದೆ. ಕಾರ್ಟ್ ಪುಟದ್ದೋ ಚೆಕ್‌ಔಟ್‌ನದ್ದೋ ಫೈಲ್ ನಕಲು ಮಾಡಿಕೊಂಡು ನಿಮ್ಮ ಥೀಮ್ ಒಳಗೆ ಇಟ್ಟು ತಿದ್ದಿದ್ದರೆ ಅದು ಅಲ್ಲಿರುತ್ತದೆ. ಅದು ಹಿಂದೆ ಬಿದ್ದಿದ್ದರೆ ನಿಮ್ಮ ನಕಲು ಯಾವ ಆವೃತ್ತಿಯದು, ಮೂಲ ಈಗ ಯಾವುದಕ್ಕೆ ಬಂದಿದೆ ಅಂತ ಎರಡೂ ನಂಬರ್ ಕಾಣುತ್ತವೆ. ನಿಮ್ಮದರ ನಂಬರ್ ಕೆಂಪಗಿರುತ್ತದೆ.