ಹಾವು ಕಡಿತದ ನಾಲ್ಕು ಪ್ರಕರಣಗಳಿವೆ, ಯಾವ ಬಗೆಯ ಲೇಖನವಾಗಿ ಕಳಿಸಲಿ?

ಪ್ರಶ್ನೆ: ಶಿರಸಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದೇನೆ. ಎರಡು ಮಳೆಗಾಲಗಳಲ್ಲಿ, ಅಡಿಕೆ ತೋಟದಲ್ಲಿ ಗುಳಿಮಂಡಲ ಕಚ್ಚಿದ ನಾಲ್ವರು ನಮ್ಮಲ್ಲಿಗೆ ಬಂದಿದ್ದರು. ಮೂವರಲ್ಲಿ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಒಬ್ಬರಿಗೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಈಗಲೂ ಡಯಾಲಿಸಿಸ್ ನಡೆದಿದೆ. ಹಾವು ಕಚ್ಚಿದಾಗ ಜನ ಮೊದಲು ಏನು ಮಾಡುತ್ತಾರೆ ಎಂದು ಮನೆಮನೆ ಸಮೀಕ್ಷೆ ಮಾಡುವ ಯೋಚನೆಯೂ ಇದೆ. ಮೂಲ ಸಂಶೋಧನಾ ಲೇಖನವೆಂದು ಕಳಿಸಿದರೆ ತೂಕ ಹೆಚ್ಚು ಎಂದು ಹಿರಿಯರೊಬ್ಬರು ಹೇಳುತ್ತಾರೆ. ಸಂಪಾದಕರಿಗೆ ಪತ್ರ ಬರೆದರೆ ಬೇಗ ಅಚ್ಚಾಗುತ್ತದೆ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ವೈದ್ಯರೇ, ಈ ನಾಲ್ಕು ಪ್ರಕರಣಗಳ ಮಟ್ಟಿಗೆ ಇಬ್ಬರ ಮಾತನ್ನೂ ಬದಿಗಿಡಿ. ನಿಮ್ಮ ಕೈಯಲ್ಲಿರುವುದು ಕೇಸ್ ಸೀರೀಸ್, ಅಂದರೆ ಒಂದೇ ಬಗೆಯ ಕೆಲವು ರೋಗಿಗಳನ್ನು ಒಬ್ಬೊಬ್ಬರಾಗಿ ವಿವರಿಸುವ ಪ್ರಕರಣ ಸರಣಿ. ಅದೇ ಹೆಸರಿನಲ್ಲಿ ಕಳಿಸಿ, ಶೀರ್ಷಿಕೆಯಲ್ಲೂ ಹಾಗೆಂದೇ ಬರೆಯಿರಿ.

ಕಾರಣ ಇಷ್ಟೇ. ಲೇಖನದ ಬಗೆ ಆರಿಸುವಾಗ ಕೇಳಿಕೊಳ್ಳಬೇಕಾದದ್ದು, ನನ್ನ ದಾಖಲೆಗಳು ಎಷ್ಟು ದೊಡ್ಡ ಮಾತನ್ನು ಹೊರಬಲ್ಲವು ಎಂದು. ನಾಲ್ವರಲ್ಲಿ ಮೂವರಿಗೆ ರಕ್ತ ಹೆಪ್ಪುಗಟ್ಟಲಿಲ್ಲ ಎಂಬುದು ನೀವು ಕಣ್ಣಾರೆ ಕಂಡ ಸತ್ಯ. ಅದನ್ನೇ ‘ಶೇ 75’ ಎಂದು ಬರೆದ ಕೂಡಲೇ ಗುಳಿಮಂಡಲ ಕಚ್ಚಿದ ಎಲ್ಲರ ಬಗ್ಗೆ ಹೇಳಿದಂತಾಗುತ್ತದೆ. ಲೆಕ್ಕ ಹಾಕಿ ನೋಡಿದರೆ, ನಾಲ್ವರಲ್ಲಿ ಮೂವರು ಎಂಬುದರಿಂದ ಸಿಗುವ ಶೇ 95ರ ವಿಶ್ವಾಸದ ಮಿತಿ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ) ಸುಮಾರು ಶೇ 19ರಿಂದ ಶೇ 99ರವರೆಗೆ ಹರಡಿಕೊಳ್ಳುತ್ತದೆ. ಅಷ್ಟು ಅಗಲದ ಅಂಕಿಯಿಂದ ಚಿಕಿತ್ಸೆ ಕೊಡುವವರಿಗೆ ಯಾವ ಉಪಯೋಗವೂ ಇಲ್ಲ. ನಾನೂ ಒಮ್ಮೆ ಆರು ಮಂದಿಯ ದಾಖಲೆ ಹಿಡಿದು, ಕೋಷ್ಟಕದ ತುಂಬ ‘ಶೇ 66.7’ ಎಂದು ತುಂಬಿಸಿ, ಮೂಲ ಲೇಖನವೆಂದು ಕಳಿಸಿದ್ದೆ. ಐದು ತಿಂಗಳ ನಂತರ ಅದು ವಾಪಸು ಬಂತು. ಪರಿಶೀಲಕರು ಅಂಚಿನಲ್ಲಿ ‘ಆರರಲ್ಲಿ ನಾಲ್ವರು ಎಂದು ಬರೆಯಿರಿ’ ಎಂದಷ್ಟೇ ಗುರುತು ಮಾಡಿದ್ದರು. ಆ ಸಾಲು ನನಗೆ ಇಂದಿಗೂ ಕೆಲಸಕ್ಕೆ ಬರುತ್ತಿದೆ.

ಕೇಸ್ ಸೀರೀಸ್ ಎಂದರೆ ಎರಡನೇ ದರ್ಜೆ ಎಂಬ ಭಾವನೆ ಬೇಡ. ನಮ್ಮಲ್ಲಿ ಸಿಗುವ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಮೂಗಿನ ತುದಿ ಉಬ್ಬಿರುವ ನಮ್ಮ ತೋಟದ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಈ ಪುಟ್ಟ ಹಾವಿನ ವಿಷವೂ ಭಾರತದಲ್ಲಿ ಜೀವಕ್ಕೆ ಎರವಾಗಬಲ್ಲದು ಎಂದು ಖಚಿತವಾಗಿ ತೋರಿಸಿದ್ದು 2007ರಲ್ಲಿ ಕೇರಳದಿಂದ ಬಂದ, ಬೆರಳೆಣಿಕೆಯ ರೋಗಿಗಳ ವರದಿ. ಅಲ್ಲಿ ಈ ಹಾವನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿದ ಸಂಗತಿಯೂ ಬೆಳಕಿಗೆ ಬಂತು. ನೀವು ಬರೆಯುವಾಗ ಆ ವರದಿಯನ್ನು ಉಲ್ಲೇಖಿಸಿ. ‘ಇದೇ ಮೊದಲು’ ಎನ್ನುವ ಆಸೆಯನ್ನು ಬಿಟ್ಟು, ಘಟ್ಟದ ಈ ಭಾಗದಲ್ಲಿ ಕಂಡದ್ದನ್ನು ಹೇಳಿ.

ಸರಣಿಯ ಬೆಲೆ ಇರುವುದು ವಿವರಗಳಲ್ಲಿ. ಹಾವನ್ನು ಗುರುತಿಸಿದವರು ಯಾರು, ಯಾವುದನ್ನು ನೋಡಿ? ಮೊಬೈಲ್‌ನಲ್ಲಿ ತೆಗೆದ ಚಿತ್ರವೋ, ಹೊಡೆದು ತಂದ ಹಾವೋ, ‘ಕಂದು ಬಣ್ಣದ್ದು, ಸಣ್ಣದು’ ಎಂಬ ಬಾಯಿಮಾತೋ? ಬಾಯಿಮಾತು ಮಾತ್ರ ಇರುವ ಪ್ರಕರಣವನ್ನು ಉಳಿದವುಗಳ ಜೊತೆ ಬೆರೆಸಬೇಡಿ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಇಪ್ಪತ್ತು ನಿಮಿಷದ ಪರೀಕ್ಷೆಯನ್ನು ನಾಲ್ವರಿಗೂ ಒಂದೇ ರೀತಿ ಮಾಡಿದ್ದಿರಾ? ಒಣಗಿದ, ಶುಚಿಯಾದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಒಮ್ಮೆ ವಾಲಿಸುವುದು. ಒಬ್ಬರಿಗೆ ಪ್ಲಾಸ್ಟಿಕ್ ನಳಿಕೆ ಬಳಸಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಫಲಿತಾಂಶ ಬದಲಾಗುತ್ತದೆ. ಆ ಅವಧಿಯಲ್ಲಿ ಗುಳಿಮಂಡಲ ಕಚ್ಚಿ, ಕಾಲು ಊದಿಕೊಂಡು, ಮರುದಿನ ಮನೆಗೆ ಹೋದ ಐದನೆಯವರೂ ಇದ್ದರೇ? ಇದ್ದರೆ ಅವರೂ ಸರಣಿಗೆ ಸೇರಬೇಕು. ಗಂಭೀರವಾದವರನ್ನೇ ಹೆಕ್ಕಿ ಬರೆದರೆ ಓದಿದವರು ಹಾವಿನ ಬಗ್ಗೆ ತಪ್ಪು ತಿಳಿಯುತ್ತಾರೆ. ಒಬ್ಬರೇ ರೋಗಿಯ ಕೇಸ್ ರಿಪೋರ್ಟ್‌ಗೆಂದು 2013ರಲ್ಲಿ ಬಂದ ‘ಕೇರ್’ ಮಾರ್ಗಸೂಚಿಯ ಹದಿಮೂರು ಅಂಶಗಳನ್ನು ಪ್ರತಿ ರೋಗಿಗೂ ಎದುರಿಟ್ಟು ನೋಡಿ. ಎಲ್ಲಿ ಬಿಟ್ಟುಹೋಗಿದೆ ಎಂದು ತಾನಾಗಿ ಕಾಣುತ್ತದೆ.

ಪತ್ರದ ವಿಷಯ ಚಿಕ್ಕದು. ಬಹಳಷ್ಟು ಪತ್ರಿಕೆಗಳಲ್ಲಿ ಅದು ಈಗಾಗಲೇ ಅಚ್ಚಾದ ಲೇಖನಕ್ಕೆ ಪ್ರತಿಕ್ರಿಯೆ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಅಂಥ ಪತ್ರಕ್ಕೆ ಕೊಡುವುದು 175 ಪದ, ಮೂರು ವಾರ. ಪತ್ರಕ್ಕೆ ಸಾರಾಂಶವಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಎದುರಿಗೆ ರೋಗಿಯನ್ನಿಟ್ಟುಕೊಂಡು ಮೊಬೈಲ್‌ನಲ್ಲಿ ಹುಡುಕುವ ಯಲ್ಲಾಪುರದ ವೈದ್ಯರಿಗೆ ಬರೀ ಶೀರ್ಷಿಕೆ ಸಿಕ್ಕರೆ ಏನು ಪ್ರಯೋಜನ? ಮುಂದೆ ವೈದ್ಯಕೀಯ ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದರೆ, ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಅಧ್ಯಾಪಕರ ಅರ್ಹತಾ ನಿಯಮ ಕೇಸ್ ಸೀರೀಸನ್ನು ಪರಿಗಣಿಸುವ ಲೇಖನಗಳ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿತ್ತು ಎಂಬುದನ್ನೂ ನೆನಪಿಡಿ, ಈಗಿನ ನಿಯಮವನ್ನು ಒಮ್ಮೆ ನೋಡಿಕೊಳ್ಳಿ.

ಮನೆಮನೆ ಸಮೀಕ್ಷೆಯೇ ನಿಜವಾದ ಮೂಲ ಸಂಶೋಧನೆ. ಎಷ್ಟು ಮನೆ, ಹೇಗೆ ಆರಿಸಿದಿರಿ, ಎಷ್ಟು ಜನ ಉತ್ತರಿಸಲಿಲ್ಲ ಎಂಬಂಥದ್ದನ್ನು ಬರೆಯಲು, ಇಂಥ ಅಧ್ಯಯನಗಳ ವರದಿಗೆಂದೇ ಇರುವ ‘ಸ್ಟ್ರೋಬ್’ ಪಟ್ಟಿಯ 22 ಅಂಶಗಳಿವೆ. ಆದರೆ ಮೊದಲ ಮನೆಯ ಬಾಗಿಲು ತಟ್ಟುವ ಮುನ್ನ ನೈತಿಕ ಸಮಿತಿಯ ಅನುಮತಿ ಪತ್ರ ಕೈಯಲ್ಲಿರಬೇಕು. ನಿಮ್ಮ ಕೇಂದ್ರದಲ್ಲಿ ಸಮಿತಿ ಇಲ್ಲದಿದ್ದರೆ ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಕೆಲಸ ಮುಗಿದ ಮೇಲೆ ಅನುಮತಿ ಕೇಳಿದರೆ ಯಾವ ಒಳ್ಳೆಯ ಪತ್ರಿಕೆಯೂ ಒಪ್ಪುವುದಿಲ್ಲ. ಸರಣಿಗೂ ಅನುಮತಿ ಬೇಕೇ ಎಂದು ಅಲ್ಲಿಯೇ ಕೇಳಿಬಿಡಿ. ಸಮೀಕ್ಷೆಯನ್ನೂ ಸರಣಿಯನ್ನೂ ಒಂದೇ ಲೇಖನದಲ್ಲಿ ಹೊಲಿಯಬೇಡಿ, ಎರಡರ ಪ್ರಶ್ನೆಗಳೇ ಬೇರೆ.

ನನಗೆ ಎಲ್ಲಕ್ಕಿಂತ ಆತಂಕ ಕೊಡುವುದು ರೋಗಿಯ ಗುರುತು. ‘ಶಿರಸಿ ತಾಲ್ಲೂಕಿನ ಇಂಥ ಊರಿನ 47 ವರ್ಷದ ಕೊನೆಗೌಡ’ ಎಂದು ಬರೆದರೆ ಹೆಸರು ಬೇಕಾಗಿಯೇ ಇಲ್ಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಊರಿಗೆ ಇರುವುದೇ ಇಬ್ಬರೋ ಮೂವರೋ. ಸೊಸೈಟಿಯ ಜಗಲಿಯಲ್ಲಿ ಕುಳಿತವರಿಗೆಲ್ಲ ಯಾರೆಂದು ತಿಳಿಯುತ್ತದೆ. ‘ಅಡಿಕೆ ತೋಟದ ಕೆಲಸಗಾರ, ನಲವತ್ತರ ಆಸುಪಾಸು’ ಎಂದರೆ ಸಾಕು. ಬೇಡದ ವಿವರ ಬಿಡಬಹುದು, ಆದರೆ ಗುರುತು ಮರೆಸಲೆಂದು ವಯಸ್ಸನ್ನೋ ಕೆಲಸವನ್ನೋ ಸುಳ್ಳಾಗಿ ಬದಲಿಸಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿ, ಬೇಡ ಎನ್ನಲು ಸಮಯ ಕೊಡಿ.

ಡಯಾಲಿಸಿಸ್ ನಡೆದಿರುವವರನ್ನು ಕೊನೆಯಲ್ಲಿ ಭೇಟಿ ಮಾಡಿ. ಮೂತ್ರಪಿಂಡದ ಹಾನಿ ಉಳಿದುಬಿಟ್ಟಿತು ಎನ್ನಬೇಕಾದರೆ ಮೂರು ತಿಂಗಳು ದಾಟಿರಬೇಕು. ಅವರಿಗೆ ಹಾವು ಕಚ್ಚಿ ಅಷ್ಟು ದಿನ ಆಗಿಲ್ಲದಿದ್ದರೆ ಲೇಖನ ನಿಮ್ಮ ಬಳಿಯೇ ಇರಲಿ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಮುಂದಿನ ಕ್ರಿಯಾಟಿನಿನ್ ವರದಿ ಬಂದ ಮೇಲೆ ಆ ಅಂಕಿಯನ್ನು ಸೇರಿಸಿ ಕಳಿಸಿ.